ಯಾವ ಕಣಗಳ ನಡುವೆ?

‘ವಿದ್ಯುತ್ ಬಲವು ಗುರುತ್ವ ಬಲದ 10³⁶ ಪಟ್ಟು.’ ಪಠ್ಯಗಳಲ್ಲಿ ಮತ್ತೆ ಮತ್ತೆ ಕಾಣುವ ಈ ಹೇಳಿಕೆ ಅಪೂರ್ಣ. ಯಾವ ಕಣಗಳ ನಡುವೆ ಎಂದು ತಿಳಿಸದೆ ಈ ಸಂಖ್ಯೆಗೆ ಅರ್ಥವಿಲ್ಲ.

ಎರಡೂ ಬಲಗಳು ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿವೆ. ಹಾಗಾಗಿ ಅವುಗಳ ಅನುಪಾತದಲ್ಲಿ ದೂರ ರದ್ದಾಗುತ್ತದೆ, ನಿಜ. ಆದರೆ ಕಣಗಳ ರಾಶಿ ಉಳಿದುಕೊಳ್ಳುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ಎರಡು ಪ್ರೋಟಾನ್‌ಗಳಿಗೆ ಅನುಪಾತ 1.24×10³⁶, ಪ್ರೋಟಾನ್–ಎಲೆಕ್ಟ್ರಾನ್ ಜೋಡಿಗೆ 2.27×10³⁹, ಎರಡು ಎಲೆಕ್ಟ್ರಾನ್‌ಗಳಿಗೆ 4.17×10⁴².

ಇನ್ನು, ಒಂದೊಂದು ಪ್ರೋಟಾನಿನಷ್ಟೇ ಆವೇಶವಿರುವ, ತಲಾ 1.86 ಮೈಕ್ರೊಗ್ರಾಂ ರಾಶಿಯ ಎರಡು ಮರಳಿನ ಕಣಗಳನ್ನು ಊಹಿಸಿಕೊಳ್ಳಿ. ಅವುಗಳ ನಡುವೆ ಎರಡೂ ಬಲಗಳು ಸಮ! ಅಂದರೆ ಗುರುತ್ವದ ‘ದೌರ್ಬಲ್ಯ’ದ ಗುಟ್ಟು ಇರುವುದು ಮೂಲಕಣಗಳ ಅತ್ಯಲ್ಪ ರಾಶಿಯಲ್ಲಿ.

ಅಧ್ಯಾಪಕರೇ, ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಡಿ, ಲೆಕ್ಕವನ್ನು ಮಾಡಿಸಿ.