44ನೇ ಸಾಲಿಗೆ ನಿಂತ ಸರಾಸರಿ

ಎಕ್ಸೆಲ್‌ನಲ್ಲಿ ಫಾರ್ಮುಲಾ ಬರೆಯುವವರಲ್ಲಿ ಎರಡು ಪಂಗಡ. ಇಡೀ ಲೆಕ್ಕವನ್ನು ಒಂದೇ ಸೆಲ್ಲಿಗೆ ತುರುಕಿ, ಕೊನೆಗೆ ಆರೇಳು ಬ್ರಾಕೆಟ್ ಮುಚ್ಚಿ ಬೀಗುವವರು ಒಂದು ಕಡೆ. ಹೆಜ್ಜೆಗೊಂದು ಕಾಲಂ ಹಾಕಿಕೊಂಡು ಹೋಗುವ ನಿಧಾನಸ್ಥರು ಇನ್ನೊಂದು ಕಡೆ. ನಾನು ಮೊದಲಿನವರ ಸಹವಾಸ ಬಿಟ್ಟು ಬಹಳ ವರ್ಷಗಳಾದವು.

ಸಂಶೋಧಕರ ಎಚ್-ಇಂಡೆಕ್ಸ್ ನೋಡಿ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ ಅದು. ಪ್ರಬಂಧಗಳಿಗೆ ಸಿಕ್ಕ ಉಲ್ಲೇಖಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ: 25, 9, 6, 4, 3. ಪಕ್ಕದ ಕಾಲಂನಲ್ಲಿ ಕ್ರಮಸಂಖ್ಯೆ. ಮೂರನೆಯದರಲ್ಲಿ ಒಂದು ಇಫ್: ಉಲ್ಲೇಖ ಕ್ರಮಸಂಖ್ಯೆಗಿಂತ ಕಡಿಮೆಯಿಲ್ಲದಿದ್ದರೆ 1, ಕಡಿಮೆಯಿದ್ದರೆ 0. ಒಂದುಗಳನ್ನು ಕೂಡಿದರೆ 4, ಅದೇ ಎಚ್. ಸೊನ್ನೆ ಶುರುವಾಗುವ ಸಾಲು ಕಣ್ಣಿಗೇ ಕಾಣುತ್ತದೆ. ಒಂದೇ ಸೆಲ್ಲಿನ ಸಮ್‌ಪ್ರಾಡಕ್ಟ್ ಕೂಡ ಇದೇ ಉತ್ತರ ಕೊಡುತ್ತದೆ, ಆದರೆ ತಪ್ಪಿದ ದಿನ ಎಲ್ಲಿ ತಪ್ಪಿದೆನೆಂದು ಬಾಯಿಬಿಡುವುದಿಲ್ಲ.

ಬಾಯಿಬಿಡದ ಸೆಲ್ಲಿನ ಕಥೆಗಳಲ್ಲಿ ದೊಡ್ಡದು ಅರ್ಥಶಾಸ್ತ್ರದ್ದು. ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದ ಮುಂದುವರಿದ ದೇಶಗಳ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇ 0.1ರಷ್ಟು ಕುಗ್ಗುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಬರೆದರು. ಖರ್ಚು ಕಡಿತ ಬೇಕೆನ್ನುತ್ತಿದ್ದ ರಾಜಕಾರಣಿಗಳಿಗೆ ಅದೇ ಆಧಾರವಾಯಿತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್, ಆ ಇಬ್ಬರ ಶೀಟನ್ನೇ ಕೇಳಿ ಪಡೆದು ನೋಡಿದರೆ, 30ರಿಂದ 49ನೇ ಸಾಲಿನವರೆಗೆ ಹೋಗಬೇಕಿದ್ದ ಸರಾಸರಿ 44ಕ್ಕೇ ನಿಂತಿತ್ತು! ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಲೆಕ್ಕದಿಂದ ಹೊರಗೆ. ಹರ್ನ್‌ಡನ್ ಮತ್ತು ಅವರ ಪ್ರಾಧ್ಯಾಪಕರು ಮತ್ತೆ ಲೆಕ್ಕ ಹಾಕಿದಾಗ ಬಂದದ್ದು ಶೇ 2.2 ಬೆಳವಣಿಗೆ.

ನಗುವವರು ಸಾಲು 44ನ್ನು ನೋಡಿ ನಕ್ಕರು. ಆದರೆ ಆ ಕೈತಪ್ಪಿನ ಪಾಲು ಬರೀ 0.3 ಶೇಕಡಾವಾರು ಅಂಶ. ಕೆಲವು ವರ್ಷಗಳ ಅಂಕಿಅಂಶ ಬಿಟ್ಟದ್ದು, ದೇಶಕ್ಕೊಂದರಂತೆ ಸಮ ತೂಕ ಕೊಟ್ಟದ್ದು ಉಳಿದ ಕೆಲಸ ಮಾಡಿದ್ದವು. ನ್ಯೂಜಿಲೆಂಡಿನ ಒಂದೇ ವರ್ಷಕ್ಕೆ ಬ್ರಿಟನ್ನಿನ 19 ವರ್ಷಗಳಷ್ಟೇ ತೂಕ! ಇದನ್ನು ಎಕ್ಸೆಲ್ಲಿನ ತಪ್ಪೆನ್ನಲಾಗದು. ಅದೊಂದು ಅಭಿಪ್ರಾಯ, ಫಾರ್ಮುಲಾದ ವೇಷ ಹಾಕಿತ್ತು ಅಷ್ಟೆ. ‘ತೂಕ’ ಎಂಬ ಹೆಸರಿನ ಒಂದು ಕಾಲಂ ಇದ್ದಿದ್ದರೆ ಜಗಳ ಮೂರು ವರ್ಷ ಮೊದಲೇ ಶುರುವಾಗುತ್ತಿತ್ತು.

ನಿಮ್ಮ ಶೀಟಿನಲ್ಲೂ ಒಂದು ಸರಾಸರಿ ಇದ್ದೇ ಇರುತ್ತದೆ. ಆ ಸೆಲ್ಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬಣ್ಣದ ಚೌಕಟ್ಟು ಕೊನೆಯ ಸಾಲಿನವರೆಗೂ ಇಳಿದಿದೆಯೇ ನೋಡಿ.