ಗಾಯಗೊಂಡ ಯಕೃತ್ತು ಮತ್ತು ಅಸ್ಥಿಮಜ್ಜೆಯ ಕೋಶಗಳು: ಒಂದು ವಿಮರ್ಶೆ

ಯಕೃತ್ತು ಕೆಟ್ಟಾಗ ಅಸ್ಥಿಮಜ್ಜೆಯ ಕೋಶಗಳು ಅಲ್ಲಿಗೆ ಹೋಗಿ ತಾವೇ ಯಕೃತ್ಕೋಶಗಳಾಗಿ ಮಾರ್ಪಡುತ್ತವೆಂಬ ವಾದವು ಈ ಶತಮಾನದ ಆದಿಯಲ್ಲಿ ವಿದ್ವಾಂಸರ ಗಮನವನ್ನು ವಿಶೇಷವಾಗಿ ಸೆಳೆಯಿತು. ಅದನ್ನು ಬಹು ಸ್ಪಷ್ಟವಾಗಿ ಮಂಡಿಸಿದವರು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಜಾಂಗ್, ಶಾರ್ಕಿಸ್ ಮತ್ತು ಅವರ ಸಹೋದ್ಯೋಗಿಗಳು. 2004ರಲ್ಲಿ ಪ್ರಕಟವಾದ ಅವರ ಲೇಖನವನ್ನು ವಿದ್ಯಾರ್ಥಿಗಳು ಅವಶ್ಯವಾಗಿ ಓದತಕ್ಕದ್ದು; ಆದರೆ ಅದರ ನಿರ್ಣಯವನ್ನು ಹಾಗೆಯೇ ಒಪ್ಪಲು ನಾವು ಸಿದ್ಧರಿಲ್ಲ.

ಪ್ರಯೋಗದ ರೀತಿ ಸರಳವೂ ಚತುರವೂ ಆದುದು. ಇಲಿಯ ಮಜ್ಜೆಯಿಂದ ರಕ್ತದ ಆಕರಕೋಶಗಳನ್ನು, ಎಂದರೆ ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾದ ಕೋಶಗಳನ್ನು, ಬೇರ್ಪಡಿಸಿ, ಗಾಯಗೊಂಡ ಯಕೃತ್ತಿನ ಅಂಗಾಂಶದೊಡನೆ ಪೋಷಕ ದ್ರವದಲ್ಲಿ ಬೆಳೆಸಿದರು. ನಡುವೆ ಒಂದು ತೆರೆಯನ್ನಿಟ್ಟರು. ದ್ರವದಲ್ಲಿ ಕರಗಿದ ಪದಾರ್ಥಗಳು ಅದನ್ನು ದಾಟಬಲ್ಲವು, ಕೋಶಗಳು ದಾಟಲಾರವು. ಹೀಗಿದ್ದೂ ಆಕರಕೋಶಗಳಲ್ಲಿ ಯಕೃತ್ಕೋಶಕ್ಕೆ ಸಹಜವಾದ ಪ್ರೋಟೀನುಗಳು ತೋರಿಬಂದವು. ಗಾಯಗೊಂಡ ಇಲಿಗಳಿಗೆ ಆಕರಕೋಶಗಳನ್ನು ಕೊಟ್ಟಾಗ 2ರಿಂದ 7 ದಿನಗಳಲ್ಲಿ ಯಕೃತ್ತಿನ ಕಾರ್ಯ ಸರಿಹೋಯಿತೆಂದೂ ಅವರು ಬರೆದಿದ್ದಾರೆ.

ಇಲ್ಲಿ ಎರಡು ಮಾತುಗಳು ಬೆರೆತುಹೋಗಿವೆ. ಕೆಟ್ಟ ಅಂಗಾಂಶದಿಂದ ಏನೋ ಒಂದು ಸಂಕೇತ ಹೊರಡುತ್ತದೆಂಬುದು ಒಂದು. ಅದರಿಂದ ಮಜ್ಜೆಯ ಕೋಶ ಯಕೃತ್ಕೋಶವೇ ಆಗಿಬಿಡುತ್ತದೆಂಬುದು ಇನ್ನೊಂದು. ಮೊದಲನೆಯದಕ್ಕೆ ತೆರೆಯ ಪ್ರಯೋಗ ಒಳ್ಳೆಯ ಆಧಾರ. ಎರಡನೆಯದಕ್ಕೆ ಕೆಲವು ಪ್ರೋಟೀನುಗಳ ಸಾಕ್ಷ್ಯ ಸಾಲದು. ಕಿರೀಟ ಕಟ್ಟಿದವನೆಲ್ಲ ರಾಜನಲ್ಲವೆಂದು ಯಕ್ಷಗಾನ ನೋಡಿದವರಿಗೆ ಹೇಳಬೇಕಾಗಿಲ್ಲ. ಎರಡೇ ದಿನಗಳಲ್ಲಿ ಗುಣ ಕಂಡರೆ ಅದು ಹೊಸ ಕೋಶಗಳ ದುಡಿಮೆಯೋ, ಹಳೆಯ ಕೋಶಗಳೇ ಚೇತರಿಸಿಕೊಂಡುದೋ ಎಂದೂ ಕೇಳಬೇಕಾಗುತ್ತದೆ.

ಈ ಸಂದೇಹಕ್ಕೆ ಪೂರ್ವಪೀಠಿಕೆಯುಂಟು. ಟೈರೋಸಿನನ್ನು ಪೂರ್ತಿಯಾಗಿ ಒಡೆಯುವ ಕಿಣ್ವವಿಲ್ಲದೆ ಹುಟ್ಟಿದ ಇಲಿಗಳ ಯಕೃತ್ತು ಔಷಧಿಯಿಲ್ಲದೆ ನಾಶವಾಗುತ್ತದೆ. 2000ದಲ್ಲಿ ಲಗಾಸ್ ಮೊದಲಾದವರು ಇಂಥ ಇಲಿಗಳಿಗೆ ಕೇವಲ 50 ಆಕರಕೋಶಗಳನ್ನು ಕೊಟ್ಟರೂ ದಾನಿಯ ಗುರುತುಳ್ಳ ಯಕೃತ್ಕೋಶಗಳು ಮೂಡುವುದನ್ನು ಕಂಡರು. ಆದರೆ 2003ರಲ್ಲಿ ವಾಂಗ್ ಮೊದಲಾದವರು ಅದೇ ಬಗೆಯ ಇಲಿಗಳಲ್ಲಿ ಆ ಹೊಸ ಕೋಶಗಳ ವರ್ಣತಂತುಗಳನ್ನು ಎಣಿಸಿ ನೋಡಿದರು. ಇಲಿಯ ಸಾಮಾನ್ಯ ಕೋಶದಲ್ಲಿ 40 ಇರುವಲ್ಲಿ ಇಲ್ಲಿ 80, 120 ಸಿಕ್ಕಿದವು. ದಾನಿಯ ಮತ್ತು ಗ್ರಾಹಿಯ ಲಿಂಗತಂತುಗಳು ಒಂದೇ ಕೋಶದಲ್ಲಿ ಕೂಡಿದ್ದವು. ಮಜ್ಜೆಯ ಕೋಶ ಯಕೃತ್ಕೋಶವಾಗಿ ಮಾರ್ಪಟ್ಟಿರಲಿಲ್ಲ, ಯಕೃತ್ಕೋಶದೊಡನೆ ಬೆಸೆದುಕೊಂಡಿತ್ತು. ಹಾಗೆ ಬೆಸೆಯುವುದು ಬಹುಮಟ್ಟಿಗೆ ಆಕರಕೋಶವೂ ಅಲ್ಲ, ಅದರ ಸಂತತಿಯಾದ ಭಕ್ಷಕಕೋಶದ ವರ್ಗವೆಂದು 2004ರಲ್ಲಿ ತಿಳಿದುಬಂದಿತು.

ತಮ್ಮ ಪ್ರಯೋಗದಲ್ಲಿ ಬೆಸುಗೆ ನಡೆದಿಲ್ಲವೆಂಬುದಕ್ಕೆ ಜಾಂಗ್ ಮತ್ತು ಸಂಗಡಿಗರು ವರ್ಣತಂತುಗಳ ಪರೀಕ್ಷೆಯನ್ನೇ ಮುಂದಿಟ್ಟರು. ಯಕೃತ್ತಿನ ವಿಷಯದಲ್ಲಿ ಈ ಸಾಕ್ಷ್ಯ ಜಾರುವಂಥದು. ಬೆಸುಗೆಯಿಲ್ಲದೆಯೂ ಯಕೃತ್ಕೋಶಗಳಲ್ಲಿ ಅನೇಕಕ್ಕೆ ಇಮ್ಮಡಿ ವರ್ಣತಂತುಗಳಿರುತ್ತವೆ. ಅಂಥವು ವಿಭಜನೆಯಲ್ಲಿ ಆ ಸಂಖ್ಯೆಯನ್ನು ತಗ್ಗಿಸಿಕೊಳ್ಳಲೂಬಲ್ಲವೆಂದು 2010ರಲ್ಲಿ ಡಂಕನ್ ಮೊದಲಾದವರು ತೋರಿಸಿದರು. ಕೆಲವೇ ದಿನಗಳಲ್ಲಿ ಅಷ್ಟೆಲ್ಲ ನಡೆಯುವುದು ಕಷ್ಟವೆಂದು ಜಾಂಗರ ಪರವಾಗಿ ಹೇಳಬಹುದು, ನ್ಯಾಯವಾಗಿ ಹೇಳಲೂಬೇಕು.

ರೋಗಿಗಳ ಆಸೆಯೂ ಈ ತರ್ಕಕ್ಕೆ ಕಟ್ಟುಬಿದ್ದಿದೆ. ಬ್ರಿಟನ್ನಿನಲ್ಲಿ ಸಿರೋಸಿಸ್ ಪೀಡಿತರಾದ 81 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ಮಜ್ಜೆಯ ಕೋಶಗಳನ್ನು ರಕ್ತಕ್ಕೆ ಹೊರಡಿಸುವ ಔಷಧಿಯನ್ನು ಮಾತ್ರ ಕೊಟ್ಟರು, ಕೆಲವರಿಗೆ ಅದರೊಡನೆ ಅವರವೇ ಆಕರಕೋಶಗಳನ್ನೂ ಸೇರಿಸಿದರು. ಸಾಧಾರಣ ಚಿಕಿತ್ಸೆ ಪಡೆದವರಿಗಿಂತ ಇವರ ಯಕೃತ್ತಿನ ಕಾರ್ಯ ಮೇಲಾಗಲಿಲ್ಲವೆಂದು 2018ರಲ್ಲಿ ವರದಿಯಾಯಿತು.

ಇಷ್ಟರಿಂದ ಕೆಟ್ಟ ಯಕೃತ್ತಿಗೆ ಮಜ್ಜೆಯ ಮೇಲೆ ಪ್ರಭಾವವೇ ಇಲ್ಲವೆಂದು ಭಾವಿಸಬಾರದು. ಸದ್ದಿಲ್ಲದ, ಆದರೆ ಹೆಚ್ಚು ದೃಢವಾದ ಒಂದು ನಿದರ್ಶನವನ್ನು ಪಠ್ಯಪುಸ್ತಕಗಳು ಬೇರೆಯೇ ಅಧ್ಯಾಯದಲ್ಲಿ ಇಡುತ್ತವೆ. 1994ರಲ್ಲಿ ಬೇರ್ಪಡಿಸಲಾದ ಥ್ರಾಂಬೋಪೊಯೆಟಿನ್ ಎಂಬ ಚೋದಕವು ಮಜ್ಜೆಯಲ್ಲಿ ಪ್ಲೇಟ್‌ಲೆಟ್‌ಗಳನ್ನು ಹೆರುವ ದೊಡ್ಡ ಕೋಶಗಳನ್ನು ಬೆಳೆಸುತ್ತದೆ. ಅದು ಮುಖ್ಯವಾಗಿ ತಯಾರಾಗುವುದು ಯಕೃತ್ಕೋಶಗಳಲ್ಲಿಯೇ. ಸಿರೋಸಿಸ್ ರೋಗಿಯ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಇಳಿಯುವುದಕ್ಕೆ ಊದಿದ ಗುಲ್ಮದ ಜೊತೆಗೆ ಈ ಕೊರತೆಯೂ ಕಾರಣ. ಯಕೃತ್ತಿನ ಕಸಿಯಾದ ಬಳಿಕ ಚೋದಕವು ಮೊದಲು ಏರುತ್ತದೆ, ಪ್ಲೇಟ್‌ಲೆಟ್‌ಗಳು ಅದರ ಹಿಂದೆಯೇ ಏರುತ್ತವೆ.