ಒರೆಗೆ ಹಚ್ಚದೆ ಹೊಗಳಿದ ಸರಳು

ಮ್ಯಾಜೆಕ್ ಸರಳಿಗೆ ಸಿಕ್ಕ ಹೊಗಳಿಕೆಯಲ್ಲಿ ಹೆಚ್ಚಿನದು ಅದು ತಪ್ಪಿಸಿದ ಶಸ್ತ್ರಚಿಕಿತ್ಸೆಗಳಿಗೆ ಸಂದದ್ದು. ಪುಟ್ಟ ಮಗುವಿನ ಬೆನ್ನು ತೀವ್ರವಾಗಿ ಡೊಂಕಾದರೆ ಹಳೆಯ ಪದ್ಧತಿಯಲ್ಲಿ ಸರಳು ಕೂರಿಸಿ, ಆರು ತಿಂಗಳಿಗೊಮ್ಮೆ ಬೆನ್ನು ಕೊಯ್ದು ಅದನ್ನು ಉದ್ದ ಮಾಡುತ್ತಿದ್ದರು. ಮ್ಯಾಜೆಕ್‌ಗೆ ಕೊಯ್ಯುವ ಕೆಲಸವಿಲ್ಲ. ಹೊರಗಿನಿಂದ ಯಂತ್ರವೊಂದನ್ನು ಬೆನ್ನಿಗೆ ಹಿಡಿದರೆ ಒಳಗಿನ ಅಯಸ್ಕಾಂತ ತಿರುಗಿ, ಅದಕ್ಕೆ ಜೋಡಿಸಿದ ಸ್ಕ್ರೂ ತಿರುಗಿ, ಸರಳು ಕೆಲವು ಮಿಲಿಮೀಟರ್ ಚಾಚುತ್ತದೆ. 2012ರಲ್ಲಿ ಹಾಂಗ್‌ಕಾಂಗ್ ವೈದ್ಯರು ಇದನ್ನು 'ಲ್ಯಾನ್ಸೆಟ್'ನಲ್ಲಿ ವರದಿ ಮಾಡಿದಾಗ ಎರಡು ವರ್ಷ ಪೂರೈಸಿದ್ದ ರೋಗಿಗಳು ಇಬ್ಬರೇ. 2014ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಸಿಕ್ಕಿತು. ಅದೇ ವರ್ಷ, ಚಿಕಿತ್ಸೆಗಳ ಮೌಲ್ಯಮಾಪನ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ ಇದನ್ನು ಶಿಫಾರಸು ಮಾಡುತ್ತ, ಆರು ವರ್ಷಗಳಲ್ಲಿ ಮಗುವೊಂದಕ್ಕೆ ಸುಮಾರು 12,077 ಪೌಂಡ್ ಉಳಿಯುತ್ತದೆಂದು ಲೆಕ್ಕ ಕೊಟ್ಟಿತು.

ಹಳೆಯ ಸರಳು ಸಾಧುವಾಗಿತ್ತೆಂದು ನಾನು ಹೇಳುತ್ತಿಲ್ಲ. 140 ಮಕ್ಕಳ ದಾಖಲೆ ನೋಡಿದ 2010ರ ಅಧ್ಯಯನವೊಂದರ ಪ್ರಕಾರ, ಹೆಚ್ಚಾಗುವ ಪ್ರತಿ ಶಸ್ತ್ರಚಿಕಿತ್ಸೆಯೊಂದಿಗೆ ತೊಡಕಿನ ಅಪಾಯ ಶೇಕಡ 24ರಷ್ಟು ಏರುತ್ತಿತ್ತು. ಅದಕ್ಕೆ ಪರ್ಯಾಯ ಬೇಕೇ ಬೇಕಿತ್ತು. ಆದರೆ ಪರ್ಯಾಯವೆಂದು ಬಂದದ್ದು ಒಳಗೆ ಚಲಿಸುವ ಭಾಗಗಳಿರುವ ಒಂದು ಯಂತ್ರ. ಯಂತ್ರವೆಂದ ಮೇಲೆ ಮೊದಲು ಕೇಳಬೇಕಾದದ್ದು, ಯಾವುದು ಯಾವುದಕ್ಕೆ ಉಜ್ಜುತ್ತದೆ ಎಂದು.

ಇಲ್ಲಿ ಟೈಟೇನಿಯಂ ಟೈಟೇನಿಯಂಗೇ ಉಜ್ಜುತ್ತದೆ. ಚಾಚುವ ಕಡ್ಡಿ, ಅದನ್ನು ಒಳಗೊಂಡ ಕೊಳವೆ ಎರಡೂ ಅಲ್ಯೂಮಿನಿಯಂ ಮತ್ತು ವನೇಡಿಯಂ ಬೆರೆಸಿದ ಟೈಟೇನಿಯಂ ಮಿಶ್ರಲೋಹದವು. ಹಗುರ, ಗಟ್ಟಿ, ಮೂಳೆಗೆ ಒಗ್ಗುವಂಥದ್ದು, ಎಲ್ಲವೂ ನಿಜ. ಆದರೆ ತನ್ನ ಜಾತಿಯ ಲೋಹದ ಮೇಲೆ ಜಾರುವಾಗ ಅದು ಅಂಟಿಕೊಂಡು, ಕಿತ್ತುಕೊಂಡು, ಪುಡಿಯಾಗುತ್ತದೆ. ಸೊಂಟದ ಕೃತಕ ಕೀಲಿನ ಗೋಳವನ್ನು ಈ ಲೋಹದಲ್ಲಿ ಮಾಡಿ ನೋಡಿದವರು ಸುತ್ತಲಿನ ಅಂಗಾಂಶ ಕಪ್ಪಾದದ್ದನ್ನು ಕಂಡು, ದಶಕಗಳ ಹಿಂದೆಯೇ ಕೈಬಿಟ್ಟಿದ್ದರು. ಸೊಂಟದವರು ಕಲಿತ ಪಾಠ ಬೆನ್ನಿನವರಿಗೆ ಹೊಸದೆನಿಸಿದ್ದು ನನಗೆ ಇಂದಿಗೂ ನುಂಗಲಾಗದ ಸಂಗತಿ.

ಹೊರತೆಗೆದ ಸರಳುಗಳನ್ನು ನಿಜವಾಗಿ ಓದಿದವರು ನ್ಯೂಕ್ಯಾಸಲ್‌ನ ಎಂಜಿನಿಯರ್ ಥಾಮಸ್ ಜಾಯ್ಸ್ ಮತ್ತು ಅವರ ಸಂಗಡಿಗರು. ಬ್ರಿಟನ್ನಿನ ಏಳು ಕೇಂದ್ರಗಳಿಂದ ಬಂದ ಸರಳುಗಳನ್ನು ಅವರು ಸೀಳಿ ನೋಡಿದರು. ಬಹುತೇಕ ಕೊಳವೆಗಳೊಳಗೆ ಟೈಟೇನಿಯಂ ಪುಡಿ ತುಂಬಿತ್ತು. ಹಲವೆಡೆ ಕೊಳವೆಯ ಬಾಯಿ ಮುಚ್ಚುವ ರಬ್ಬರ್ ಉಂಗುರದ ಸೀಲು ಹಾಳಾಗಿತ್ತು, ಅಯಸ್ಕಾಂತದ ತಿರುಗಾಟವನ್ನು ಸ್ಕ್ರೂಗೆ ದಾಟಿಸುವ ಸಣ್ಣ ಪಿನ್ನು ಮುರಿದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಾಚುವ ಕಡ್ಡಿಯ ಮೇಲಿನ ಸವೆತ. ಅದು ಸುತ್ತಲೂ ಸಮನಾಗಿಲ್ಲ, ಒಂದೇ ಪಕ್ಕದಲ್ಲಿದೆ. ಮೇಜಿನ ಡ್ರಾಯರನ್ನು ಒಂದು ಮೂಲೆಯಿಂದ ಎಳೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದಲ್ಲ, ಹಾಗೆ. ಕೊಳವೆ ನೇರ, ಬೆನ್ನು ಡೊಂಕು. ಮಗು ಬಾಗಿದಾಗ, ನಡೆದಾಗ ಹೊರೆ ಅಡ್ಡದಿಂದ ಬಿದ್ದು, ಕಡ್ಡಿ ಕೊಳವೆಯ ಬಾಯಂಚಿಗೆ ಒತ್ತುತ್ತದೆ. ಲಂಡನ್ನಿನ ಇನ್ನೊಂದು ತಂಡ ಇದೇ ಕಡ್ಡಿಗಳ ಮೇಲೆ ಬಿಟ್ಟು ಬಿಟ್ಟು ಮೂಡಿದ ಗುರುತುಗಳನ್ನು ಕಂಡು 'ಬೆಳವಣಿಗೆಯ ಗುರುತು' ಎಂದು ಕರೆಯಿತು. ನಾನು ಅವುಗಳನ್ನು ಓದುವುದು ಹೀಗೆ: ಪ್ರತಿ ಚಾಚುವಿಕೆಯ ನಂತರ ಕಡ್ಡಿ ಅಲ್ಲೇ ನಿಂತು, ಮುಂದಿನ ಭೇಟಿಯವರೆಗೆ ಅದೇ ಅಂಚಿಗೆ ಮತ್ತೆ ಮತ್ತೆ ತಿಕ್ಕಿಸಿಕೊಂಡಿದೆ. ಉದುರಿದ ಪುಡಿ ಒಳಗೆ ಹೋದರೆ ಯಂತ್ರ ಬಿಗಿಯುತ್ತದೆ, ಹೊರಗೆ ಬಂದರೆ ಅಂಗಾಂಶ ಕಪ್ಪಾಗುತ್ತದೆ. ಈ ಸವೆತ ವಿನ್ಯಾಸದಲ್ಲೇ ಹುಟ್ಟಿದ್ದು. ಯಾಕೆಂದರೆ ಡೊಂಕು ಬೆನ್ನು ಈ ಸರಳಿಗೆ ಅಪವಾದವಲ್ಲ, ಅದು ಇರುವುದೇ ಡೊಂಕು ಬೆನ್ನಿಗಾಗಿ.

ಹಾಗಾಗಿ, ಸರಳನ್ನು ಬೆನ್ನಿಗೆ ತಕ್ಕಂತೆ ಬಗ್ಗಿಸಿದ ವೈದ್ಯರ ಕೈ ಸರಿಯಿರಲಿಲ್ಲ, ಮಗು ಹೆಚ್ಚು ಓಡಾಡಿತು ಎಂಬ ಸಮರ್ಥನೆಯನ್ನು ಒಪ್ಪಲಾರೆ. ಓಡಾಡಬೇಕಾದ ವಯಸ್ಸಿನ ಮಗುವಿಗೆಂದೇ ಮಾಡಿದ ವಸ್ತು ಓಡಾಟವನ್ನು ತಾಳಬೇಕು. ಕಪ್ಪು ಅಂಗಾಂಶ ಕಂಡರೂ ರೋಗಿಗೆ ತೊಂದರೆಯಿಲ್ಲ ಎನ್ನುವವರ ವಾದ ಇನ್ನೂ ದುರ್ಬಲ. ಕೃತಕ ಕೀಲು ಹಾಕಿಸಿಕೊಂಡ, ಅರವತ್ತು ದಾಟಿದವರಿಗೆ ಹದಿನೈದು ವರ್ಷದ ನೆಮ್ಮದಿ ದೊಡ್ಡದಿರಬಹುದು. ಐದು ವರ್ಷದ ಮಗುವಿನ ಮುಂದೆ ಎಪ್ಪತ್ತು ವರ್ಷವಿದೆ. ಕೆಲವೇ ವರ್ಷಗಳ ಅನುಭವದಿಂದ ಅಷ್ಟು ದೂರಕ್ಕೆ ಭರವಸೆ ಕೊಡುವುದು ವೈದ್ಯಶಾಸ್ತ್ರಕ್ಕೆ ಸಲ್ಲದು.

2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ ಈ ಸರಳನ್ನು ಹೊಸದಾಗಿ ಕೂರಿಸುವುದನ್ನು ತಡೆಹಿಡಿದಾಗ, ಸಂದೇಹವಾದಿಗಳು ತಾವು ಗೆದ್ದೆವೆಂದುಕೊಂಡರು. ಅವರ ಜೊತೆಗೂ ನನ್ನ ತಕರಾರಿದೆ. ಆ ವರ್ಷದ ಆರಂಭದಲ್ಲಿ ಸುದ್ದಿಯಾಗಿದ್ದು ಮ್ಯಾಜೆಕ್ ಎಕ್ಸ್ ಮಾದರಿಯ ತುದಿಮುಚ್ಚಳ ಕಳಚಿಕೊಳ್ಳುವ ದೋಷ. ಮುಚ್ಚಳ ಬಿಗಿಮಾಡಿದರೆ ಆ ದೂರು ತೀರುತ್ತದೆ, ಬಾಯಂಚಿನ ತಿಕ್ಕಾಟ ತೀರುವುದಿಲ್ಲ. ಹಳೆಯ ಸರಳಿಗೇ ಮರಳೋಣ ಎನ್ನುವವರು ಮತ್ತೆ ಕತ್ತಿಯ ಕೆಳಗೆ ಮಲಗಬೇಕಾದ ಮಕ್ಕಳನ್ನು ಮರೆಯುತ್ತಾರೆ.

ಅಯಸ್ಕಾಂತದಿಂದ ಸರಳು ಚಾಚುವ ಕಲ್ಪನೆ ಅಪೂರ್ವವಾದದ್ದು, ಅದು ಉಳಿಯಬೇಕು. ಬದಲಾಗಬೇಕಾದದ್ದು ಕಡ್ಡಿಯೂ ಕೊಳವೆಯೂ ಸೇರುವ ಜಾಗ: ಅಡ್ಡಹೊರೆಯನ್ನು ಹಂಚಿಕೊಳ್ಳುವಷ್ಟು ಉದ್ದದ ಆಸರೆ, ಜಾರಲು ತಕ್ಕ ಗಡಸು ಮೇಲ್ಮೈ, ವರ್ಷಗಟ್ಟಲೆ ನಿಲ್ಲುವ ಸೀಲು. ಅದರ ಜೊತೆಗೆ, ಮಕ್ಕಳ ಬೆನ್ನಿನಿಂದ ತೆಗೆದ ಪ್ರತಿಯೊಂದು ಸರಳೂ ಪ್ರಯೋಗಾಲಯಕ್ಕೆ ಹೋಗಲಿ, ಸೀಳಿ ಕಂಡದ್ದು ಹೆತ್ತವರ ಕೈಗೂ ಸಿಗಲಿ.